ಮಾಳವ್ವನ ಮುಂದಿನ ಎರಡು ಪಾಲು

ಫೋಟೋ ಅಂದರೆ ನಟ್ಟನಡುವೆ ಕೂರಿಸಿ, ಎರಡೂ ಕಿವಿ ಕಾಣುವ ಹಾಗೆ ತೆಗೆಯುವುದು ಅಂತ ಕುಷ್ಟಗಿಯಲ್ಲಿ ಯಾವ ಪುಣ್ಯಾತ್ಮ ಕಾನೂನು ಮಾಡಿದನೋ ಗೊತ್ತಿಲ್ಲ. ಸಿಕ್ಕಿದರೆ ಅವನಿಗೆ ನಾನು ನಾಲ್ಕು ಮಾತು ಕೇಳುವುದಿದೆ. ಗಂಡಿನ ಮನೆಗೆ ಕಳಿಸುವ ಹುಡುಗಿ ಇರಲಿ, ಶಾಲೆಗೆ ಸೇರುವ ಕೂಸಿರಲಿ, ತೀರಿಕೊಂಡ ಮೇಲೆ ಹಾರ ಹಾಕಿಸಿಕೊಳ್ಳಬೇಕಾದ ಅಜ್ಜ ಇರಲಿ, ಎಲ್ಲರೂ ನಡುವೆ. ಒಂದಿಷ್ಟು ಪಕ್ಕಕ್ಕೆ ಸರಿಸಿ ತೆಗೆದೆನೋ, ಫೋಟೋ ಸೊಟ್ಟ ಆಗಿದೆ ಅಂತ ಜಗಳಕ್ಕೇ ಬರುತ್ತಾರೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಹಾಗಾಗಿ ನಮ್ಮ ಸ್ಟುಡಿಯೋದಲ್ಲಿ ಫೋಟೋಕ್ಕಿಂತ ಜಗಳವೇ ಜಾಸ್ತಿ ಅಂತ ಓಣಿಯವರು ಆಡಿಕೊಳ್ಳುತ್ತಾರೆ.

ನನ್ನ ಹೆಸರು ದ್ರಾಕ್ಷಾಯಿಣಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಪ್ಪ ತೆರೆದ ಸ್ಟುಡಿಯೋವನ್ನು ಈಗ ನಾನೇ ನಡೆಸುತ್ತೇನೆ. ಹೋದ ಚಳಿಗಾಲದಲ್ಲಿ ಸಾಣಾಪುರದ ಕೆರೆಯ ಹತ್ತಿರ ಫೋಟೋ ತೆಗೆಯುವವರದೊಂದು ಶಿಬಿರ ನಡೆಯಿತು. ಅಲ್ಲಿಗೆ ಹೋಗಿಬಂದ ಮೇಲೆ ನನ್ನ ತಲೆ ಕೆಟ್ಟಿತು ಅಂತ ಅಪ್ಪ ಹೇಳುತ್ತಾನೆ. ಅಲ್ಲಿ ಕಲಿಸಿದ್ದು ಬಹಳ ಸರಳ. ಕ್ಯಾಮೆರಾದ ಪರದೆಯ ಮೇಲೆ ಎರಡು ಉದ್ದಗೆರೆ, ಎರಡು ಅಡ್ಡಗೆರೆ ಹಾಕಿಕೋ. ಅಗಲಕ್ಕೂ ಮೂರು ಪಾಲು, ಎತ್ತರಕ್ಕೂ ಮೂರು ಪಾಲು. ಮನುಷ್ಯನನ್ನು ನಡುವಿನ ಪಾಲಿನೊಳಗೆ ಕೂಡಿಹಾಕಬೇಡ, ಒಂದು ಉದ್ದಗೆರೆಯ ಮೇಲೆ ನಿಲ್ಲಿಸು. ಮೇಲಿನ ಅಡ್ಡಗೆರೆ ಅದನ್ನು ದಾಟುವಲ್ಲಿ ಕಣ್ಣು ಬರಲಿ. ಅವನು ಯಾವ ಕಡೆ ನೋಡುತ್ತಾನೋ ಆ ಕಡೆ ಎರಡು ಪಾಲು ಜಾಗ ಬಿಡು. ಇಷ್ಟೇ. ಇಷ್ಟು ಮಾಡಿದರೆ ಫೋಟೋದೊಳಗಿನ ಮನುಷ್ಯನಿಗೆ ಉಸಿರಾಡಲು ಜಾಗ ಸಿಗುತ್ತದೆ. ಆದರೆ ಕುಷ್ಟಗಿಯಲ್ಲಿ ಉಸಿರಾಡುವ ಫೋಟೋ ಯಾರಿಗೆ ಬೇಕಾಗಿತ್ತು?

ಬೇಕು ಅಂದವಳು ಮಾಳವ್ವ ಒಬ್ಬಳೇ. ಹನುಮಸಾಗರದ ಕಡೆಯ ಹಳ್ಳಿಯಾಕೆ, ಅರವತ್ತರ ಹತ್ತಿರದ ವಯಸ್ಸು, ಬುದ್ಧಿ ಬಂದಾಗಿನಿಂದ ಕುರಿಗಳ ಹಿಂದೆ ನಡೆದ ಕಾಲು. ಗಂಡ ಬೀರಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಈ ಸಲ ಕುರಿ ಸಾಕುವವರ ಸಂಘದ ಚುನಾವಣೆಗೆ ನಿಂತು, ಗೆದ್ದು, ಸಂಘ ಹುಟ್ಟಿದ ಮೇಲೆ ಮೊದಲ ಹೆಣ್ಣು ಅಧ್ಯಕ್ಷೆಯಾದಳು. ಗೆದ್ದದ್ದೇನೋ ಆಕೆ. ಆದರೆ ಗೆದ್ದ ದಿನ ಶಾಲು ಹೊದಿಸಿದ್ದು ಆಕೆಯ ಮೈದುನ ಲಕ್ಷ್ಮಣಪ್ಪನಿಗೆ. ಹಾರ ಬಿದ್ದದ್ದೂ ಅವನ ಕೊರಳಿಗೇ. ಅಲ್ಲಿಂದಾಚೆಗೆ ಅಧ್ಯಕ್ಷರ ಕುರ್ಚಿಗೆ ಒತ್ತಿ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತ. ಯಾರು ಏನು ಕೇಳಿದರೂ ಉತ್ತರ ಅವನದೇ. ಅತ್ತಿಗೆ ಹೆಸರಿಗಷ್ಟೇ, ಕೆಲಸವೆಲ್ಲ ತನ್ನದು ಅಂತ ಬಂದವರಿಗೆಲ್ಲ ಚಹಾ ಕುಡಿಸಿ ಹೇಳುತ್ತಿದ್ದ.

ಸಂಘದ ಸಭಾಂಗಣದಲ್ಲಿ ಒಂದು ಪದ್ಧತಿ ಇದೆ. ಅಧ್ಯಕ್ಷರಾದವರ ದೊಡ್ಡ ಫೋಟೋಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಅಲ್ಲಿ ಈಗಾಗಲೇ ಒಂದು ಸಾಲು ಗಂಡಸರಿದ್ದಾರೆ. ಎಲ್ಲರ ತಲೆಗೂ ಪಟಕಾ, ಎಲ್ಲರಿಗೂ ಮೀಸೆ, ಎಲ್ಲರೂ ನಟ್ಟನಡುವೆ, ಪೊಲೀಸರು ಹಿಡಿದು ನಿಲ್ಲಿಸಿದವರ ಹಾಗೆ ನೆಟ್ಟಗೆ ನೋಡುತ್ತಾರೆ. ಆ ಸಾಲಿನ ಕೊನೆಗೆ ಮಾಳವ್ವನ ಫೋಟೋ ಬರಬೇಕಿತ್ತು. ಆಕೆ ಒಬ್ಬಳೇ ಬಸ್ಸು ಹತ್ತಿ ನನ್ನ ಹತ್ತಿರ ಬಂದಳು. ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ನಾನು ಗೋಡೆಗೆ ಹಚ್ಚಿಕೊಂಡಿದ್ದ ಸಾಣಾಪುರದ ಫೋಟೋಗಳನ್ನು ಒಂದೊಂದಾಗಿ ನೋಡಿದಳು. ತೆಪ್ಪದವನೊಬ್ಬ ಚೌಕಟ್ಟಿನ ಒಂದು ಬದಿಗೆ ನಿಂತು ನೀರಿನ ಕಡೆ ನೋಡುವ ಫೋಟೋದ ಮುಂದೆ ಬಹಳ ಹೊತ್ತು ನಿಂತಳು. ತನಗೂ ಇಂಥದೇ ಬೇಕು ಅಂದಳು.

ಆಮೇಲೆ ದನಿ ತಗ್ಗಿಸಿ ಹೇಳಿದಳು: "ತಂಗಿ, ಕುರ್ಚಿ ಮ್ಯಾಲಂತೂ ನನ್ನ ಒಬ್ಬಾಕೀನ್ನ ಕುಂದರಾಕ ಬಿಡವಲ್ರು. ಗ್ವಾಡಿ ಮ್ಯಾಲರ ನಾ ಒಬ್ಬಾಕೀನ ಇರಬೇಕು."

ಆ ಮಾತು ಕೇಳಿ ನನ್ನ ಎದೆ ಉಬ್ಬಿತು, ಸಿಟ್ಟೂ ಬಂತು. ಸಿಟ್ಟು ಲಕ್ಷ್ಮಣಪ್ಪನ ಮೇಲೆ, ಎದೆ ಉಬ್ಬಿದ್ದು ಆಕೆಗಾಗಿ. ನಾಳೆಯೇ ತೆಗೆಯೋಣ, ಸ್ಟುಡಿಯೋದಲ್ಲಿ ಅಲ್ಲ, ನಿಮ್ಮ ಕುರಿ ಇರುವ ಕಡೆ ತೆಗೆಯೋಣ ಅಂದೆ.

ಮರುದಿನ ಬೆಳಿಗ್ಗೆ ಎಳೆಬಿಸಿಲಿಗೆ ಅವರ ಊರಿನ ಮಸಾರಿ ಹೊಲಕ್ಕೆ ಹೋದೆ. ಕೆಂಪು ಮಣ್ಣು, ದೂರದಲ್ಲಿ ಮೇಯುತ್ತಿದ್ದ ಹಿಂಡು, ಅದರಾಚೆಗೆ ಆಕಾಶ. ಮಾಳವ್ವ ಹಸಿರು ಇಳಕಲ್ ಸೀರೆ ಉಟ್ಟು, ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಬಂದಳು. ಮೊದಲು ಎಲ್ಲರ ಹಾಗೆ ಆಕೆಯೂ ಕ್ಯಾಮೆರಾದ ಎದುರು ಕಂಬದಂತೆ ನಿಂತಳು. ನನ್ನನ್ನು ನೋಡಬೇಡಿ, ನಿಮ್ಮ ಕುರಿ ನೋಡಿ ಅಂದೆ. ಆಕೆ ಆ ಕಡೆ ತಿರುಗಿದಳು. ಒಂದು ಕುರಿ ಗುಂಪು ಬಿಟ್ಟು ಬದುವಿನ ಕಡೆ ಹೋಗುತ್ತಿತ್ತು. ಅದನ್ನು ಕಂಡದ್ದೇ ಆಕೆಯ ಗದ್ದ ಒಂದಿಷ್ಟು ಮೇಲಕ್ಕೆದ್ದಿತು, ಕಣ್ಣು ಕಿರಿದಾಯಿತು, ಕೋಲಿನ ಮೇಲೆ ಬೆರಳು ಬಿಗಿಯಾದವು. ಆಕೆಯನ್ನು ಬಲಗಡೆಯ ಗೆರೆಗೆ ತಂದೆ, ಕಣ್ಣನ್ನು ಮೇಲಿನ ಗೆರೆಗೆ ತಂದೆ, ಎಡಗಡೆ ಎರಡು ಪಾಲು ಬಯಲು ಬಿಟ್ಟು ಒತ್ತಿದೆ. ಪರದೆಯಲ್ಲಿ ನೋಡಿದಾಗ ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾನು ತೆಗೆದ ಫೋಟೋಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಆಕೆಗೆ ತೋರಿಸಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಹೌದು, ಇದು ನಾನೇ ಅಂದಳು.

ಅಷ್ಟು ದೊಡ್ಡ ಫೋಟೋ ಪ್ರಿಂಟ್ ಹಾಕುವ ಯಂತ್ರ ನನ್ನ ಹತ್ತಿರ ಇಲ್ಲ. ಅದಕ್ಕೆ ಗಂಗಾವತಿಯ ವಿರುಪಣ್ಣನ ಅಂಗಡಿಗೇ ಕಳಿಸಬೇಕು. ಪ್ರಿಂಟು, ಚೌಕಟ್ಟು, ಗಾಜು ಎಲ್ಲ ಅವನೇ ಮಾಡಿಕೊಡುತ್ತಾನೆ. ಫೋಟೋ ಕಳಿಸಿದ ಸಂಜೆಯೇ ಫೋನು ಮಾಡಿ, ಒಂದು ಕಡೆ ಬಹಳ ಜಾಗ ಬಿಟ್ಟಿದ್ದೀರಲ್ಲ ಅಂತ ರಾಗ ಎಳೆದ. ನಮ್ಮ ಸ್ಟುಡಿಯೋ ತುಂಬ ಗಿರಾಕಿಗಳಿದ್ದರು. ನನಗೆ ತಲೆ ಕೆಟ್ಟಿತು. ಇವನೂ ನಟ್ಟನಡುವಿನ ಕಾನೂನಿನವನೇ, ಕತ್ತರಿ ಹಾಕಲು ನೋಡುತ್ತಿದ್ದಾನೆ ಅನ್ನಿಸಿತು. ಬೇಕಂತಲೇ ಬಿಟ್ಟಿದ್ದೇನೆ, ಒಂದು ಕೂದಲೆಳೆಯಷ್ಟೂ ಕತ್ತರಿಸಬೇಡ ಅಂತ ಗದರಿಸಿದೆ. ಅವನು ಹೂಂ ಅಂದ. ಫೋಟೋ ತೂಗುಹಾಕುವ ದಿನ ತಾನೇ ಚೌಕಟ್ಟು ತರುತ್ತೇನೆ ಅಂತಲೂ ಹೇಳಿದ.

ಆ ದಿನ ಸಭಾಂಗಣ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ಹಿರಿಯ ಸದಸ್ಯರು, ಹಿಂದೆ ಜಮಖಾನದ ಮೇಲೆ ಉಳಿದವರು, ಬಾಗಿಲ ಹತ್ತಿರ ಹೆಣ್ಣುಮಕ್ಕಳು. ಅವರೂ ಸಂಘದ ಸದಸ್ಯರೇ, ಆದರೆ ಸಭೆಗೆ ಬಂದದ್ದು ಅದೇ ಮೊದಲು. ವಿರುಪಣ್ಣ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಸಾಲಿನ ಕೊನೆಗೆ ಮೊಳೆ ಹೊಡೆದು, ಬಟ್ಟೆ ಮುಚ್ಚಿದ ಚೌಕಟ್ಟನ್ನು ತಾನೇ ಏರಿಸಿಟ್ಟಿದ್ದ. ಎರಡು ಬಾರಿ ಅಧ್ಯಕ್ಷನಾಗಿದ್ದ ನೂರಸಾಬ ಬಟ್ಟೆ ಸರಿಸಬೇಕೆಂದು ನಿರ್ಧಾರವಾಗಿತ್ತು. ಸರಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು.

ನನ್ನ ಕೈ ಮಾತ್ರ ಗಾಳಿಯಲ್ಲೇ ನಿಂತಿತು. ಬಲಗಡೆ ಮಾಳವ್ವ ಇದ್ದಳು, ನಾನು ತೆಗೆದ ಹಾಗೆಯೇ. ಎಡಗಡೆ, ನಾನು ಬಿಟ್ಟ ಬಯಲಿನಲ್ಲಿ, ಬೀರಪ್ಪ ನಿಂತಿದ್ದ. ನೀಲಿ ಕೋಟು, ಕೆಂಪು ಟೈ. ಮುಖ ಹಳೆಯ ರೇಷನ್ ಕಾರ್ಡಿನದು, ಅಂಚೆಲ್ಲ ಮಸುಕು. ದೇಹ ಯಾವ ಸಿರಿವಂತನದೋ. ಅವನ ಹಿಂದೆ ಕುರಿಗಳು ಮೇಯುತ್ತಿದ್ದವು. ಮಾಳವ್ವ ತಪ್ಪಿಸಿಕೊಂಡ ಕುರಿಯನ್ನು ನೋಡಿದ ಆ ಚೂಪು ನೋಟ ಈಗ ಗಂಡನ ಟೈ ಮೇಲೆ ಬಿದ್ದಿತ್ತು.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಹಾಗಲ್ಲ. ಗಂಡ ಹೆಂಡತಿ ಕೂಡಿ ಫೋಟೋ ತೆಗೆಸಿಕೊಳ್ಳುವ ಮೊದಲೇ ಗಂಡ ಹೋದರೆ, ಉಳಿದ ಹೆಂಡತಿಯನ್ನು ಒಂದು ಬದಿಗೆ ನಿಲ್ಲಿಸಿ ಫೋಟೋ ತೆಗೆದು, ಪಕ್ಕದ ಜಾಗದಲ್ಲಿ ಕಂಪ್ಯೂಟರಿನಿಂದ ಗಂಡನನ್ನು ಜೋಡಿಸುತ್ತಾರೆ. ನೋಡುವವರಿಗೆ ಹೆಂಡತಿ ಬಲಗಡೆ, ಗಂಡ ಎಡಗಡೆ ಇರಬೇಕು. ಸತ್ತವನಿಗೆ ಹಾಕಲು ಅಂಗಡಿಯಲ್ಲಿ ಸಿದ್ಧ ಕೋಟುಗಳೂ ಇರುತ್ತವೆ. ವಿರುಪಣ್ಣ ತನ್ನ ಆಯುಷ್ಯದಲ್ಲಿ ಇಂಥ ಎಷ್ಟು ಜೋಡಿ ಮಾಡಿದ್ದನೋ. ಹೆಂಗಸು ಬಲಗಡೆ, ಎಡಗಡೆ ಬೇಕಂತಲೇ ಬಿಟ್ಟ ಜಾಗ, ಹಣೆಯಲ್ಲಿ ಕುಂಕುಮ ಇಲ್ಲ. ಅವನಿಗೆ ಇನ್ನೇನು ಹೇಳಬೇಕಿತ್ತು? ಹತ್ತಿರ ಹೋಗಿ ತೋಳು ಹಿಡಿದು ಕೇಳಿದರೆ ಅವನ ಮುಖದಲ್ಲಿ ಹೆಮ್ಮೆಯೇ ಹೆಮ್ಮೆ. ಯಜಮಾನರ ಫೋಟೋ ಕಳಿಸುವುದನ್ನು ನೀವು ಮರೆತಿದ್ದಿರಿ, ಊರಲ್ಲಿ ವಿಚಾರಿಸಿ ಲಕ್ಷ್ಮಣಪ್ಪನವರಿಂದ ತರಿಸಿಕೊಂಡೆ, ಕೋಟು ನನ್ನ ಕಡೆಯಿಂದ ಅಂದ. ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಆದರೆ ಜನ ಅಷ್ಟರಲ್ಲೇ ಜೋಡಿ ಬಹಳ ಚೆನ್ನಾಗಿ ಬಂದಿದೆ ಅಂತ ಹೊಗಳುತ್ತಿದ್ದರು. ಲಕ್ಷ್ಮಣಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಇದು ನಮ್ಮ ಅಣ್ಣನ ಮನೆತನಕ್ಕೆ ಸಂದ ಗೌರವ ಅನ್ನುತ್ತಿದ್ದ.

ಮಾಳವ್ವ ಕೋಲು ಹಿಡಿದು ಎದ್ದಳು. ಎಲ್ಲರೂ ಭಾಷಣ ಅಂದುಕೊಂಡು ಸುಮ್ಮನಾದರು. ಆಕೆ ಫೋಟೋದ ಹತ್ತಿರ ಹೋಗಿ, ಗಾಜಿಗೆ ಮುಖ ತಾಗುವಷ್ಟು ಕತ್ತು ಚಾಚಿ ಗಂಡನನ್ನು ನೋಡಿದಳು. ನೋಡುತ್ತ ನೋಡುತ್ತ ಆಕೆಗೆ ನಗು ಬಂತು. ನಮ್ಮ ಮನೆಯವರು ಈ ಕೋಟು ಯಾವಾಗ ಹೊಲಿಸಿಕೊಂಡರೋ ನನಗೆ ಹೇಳಲೇ ಇಲ್ಲವಲ್ಲ ಅಂದಳು. ಸಭೆ ಗೊಳ್ಳೆಂದಿತು. ನಗು ನಿಲ್ಲುವ ತನಕ ಕಾದು, ಇದನ್ನು ಇಳಿಸಿ ಅಂದಳು.

ಲಕ್ಷ್ಮಣಪ್ಪನ ಬೆನ್ನು ಕುರ್ಚಿಯಿಂದ ಮೇಲೆದ್ದಿತು. "ಅತ್ತಿಗಿ, ಅಣ್ಣ ಬಾಜೂಕ ಅದಾನಂತನ ನಿನಗ ಮರ್ಯಾದಿ. ಒಬ್ಬಾಕೀನ ನಿಂತ್ರ ಮಂದಿ ಏನಂತಾರ?"

ಸಭೆಯಲ್ಲಿ ಹಲವರು ತಲೆ ಆಡಿಸಿದರು. ನೂರಸಾಬ ಒಳ್ಳೆಯ ಮನುಷ್ಯ, ಆದರೆ ಅವನಿಗೂ ವಿಷಯ ಅರ್ಥವಾಗಲಿಲ್ಲ. ಹಾಗಾದರೆ ಅಷ್ಟು ಜಾಗ ಖಾಲಿ ಯಾಕೆ ಬಿಡಿಸಿಕೊಂಡೆ ತಂಗಿ, ಖಾಲಿ ಇದ್ದದ್ದಕ್ಕೇ ತಾನೆ ವಿರುಪಣ್ಣ ತುಂಬಿದ್ದು ಅಂತ ಮಾಳವ್ವನನ್ನು ಕೇಳಿದ. ಅದು ನನ್ನ ಕೆಲಸದ ಪ್ರಶ್ನೆ. ನಾನೇ ಎದ್ದು ನಿಂತೆ. ಎರಡು ಉದ್ದಗೆರೆ, ಎರಡು ಅಡ್ಡಗೆರೆ, ಮೂರು ಪಾಲು ಅಂತ ಶುರುಮಾಡಿದೆ. ಮುಂದಿನ ಸಾಲಿನವರು ಆಕಳಿಸಿದರು, ಹೊಲ ಅಳೆಯುವ ಲೆಕ್ಕವೇನು ಇದು ಅಂತ ಹಿಂದಿನಿಂದ ಯಾರೋ ಕೇಳಿದರು. ಮಾಳವ್ವ ಕೈಸನ್ನೆ ಮಾಡಿ ನನ್ನನ್ನು ಕೂರಿಸಿದಳು.

"ಅದು ಖಾಲಿ ಅಲ್ರಿ ನೂರಸಾಬಣ್ಣ," ಅಂದಳು. "ನಾ ಅತ್ತಾಗ ನೋಡಾಕತ್ತೀನಲ್ಲ, ಅದು ನಾ ನೋಡೋ ಜಾಗ. ಕುರಿ ಕಾಯಾಕಿ ಮುಂದ ಬಯಲು ಇರಲಿಲ್ಲಂದ್ರ ಆಕಿ ಏನ ನೋಡಬೇಕು? ಅಲ್ಲಿ ಯಾರರ ಬಂದು ನಿಂತ್ರ ನನಗ ಹಿಂಡ ಕಾಣಂಗಿಲ್ಲ."

ಆಕಳಿಸುತ್ತಿದ್ದವರ ಬಾಯಿ ಮುಚ್ಚಿತು. ಶಿಬಿರದಲ್ಲಿ ನನಗೂ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆಕೆ ಅಲ್ಲಿಗೆ ನಿಲ್ಲಿಸಲಿಲ್ಲ. ಮನೆಯವರು ಒಳ್ಳೆಯವರಿದ್ದರು, ಮನೆಯಲ್ಲಿ ಅವರಿಗೆ ದಿನಾ ದೀಪ ಹಚ್ಚುತ್ತೇನೆ, ಆದರೆ ಈ ಚುನಾವಣೆಗೆ ಬಿಸಿಲಲ್ಲಿ ಊರೂರು ಅಲೆದು ಓಟು ಕೇಳಿದವಳು ನಾನು ಅಂದಳು. ಆಮೇಲೆ ಗೋಡೆಯ ಕಡೆ ತಿರುಗಿ, ಪಟಕಾ ಕಟ್ಟಿದ ಗಂಡಸರ ಸಾಲಿನ ಮೇಲೆ ಕೋಲು ಆಡಿಸಿದಳು.

"ಇಲ್ಲಿ ಇಷ್ಟ ಮಂದಿ ಅಧ್ಯಕ್ಷರು ಅದಾರ. ಯಾರ ಬಾಜೂಕರ ಅವ್ರ ಹೆಂಡತಿ ಇದ್ರ ತೋರಸ್ರಿ. ಒಬ್ಬಾಕಿ ಇದ್ರೂ ಸಾಕು, ನಾ ಸುಮ್ನ ಕುಂದರತೀನಿ."

ಇಡೀ ಸಭೆಯ ಕತ್ತು ಗೋಡೆಯ ಕಡೆ ತಿರುಗಿತು. ಆ ಸಾಲನ್ನು ಅವರು ಎಷ್ಟೋ ವರ್ಷಗಳಿಂದ ನೋಡುತ್ತಿದ್ದರು, ಆದರೆ ಹೀಗೆ ಯಾವತ್ತೂ ನೋಡಿರಲಿಲ್ಲ. ನೂರಸಾಬ ತನ್ನದೇ ಫೋಟೋ ನೋಡಿದ. ಅದರಲ್ಲಿ ಅವನೊಬ್ಬನೇ ಇದ್ದ. ನೋಡಿ, ತಲೆ ಕೆರೆದುಕೊಂಡು, ನಾನು ಅಧ್ಯಕ್ಷನಾಗಿ ಊರು ಸುತ್ತುವಾಗ ನನ್ನ ಕುರಿ ಕಾಯ್ದವಳು ನನ್ನ ಹೆಂಡತಿ ಮೆಹಬೂಬಬೀ, ಆಕೆಯನ್ನು ಯಾರೂ ನನ್ನ ಪಕ್ಕ ಜೋಡಿಸಲಿಲ್ಲ, ಜೋಡಿಸಿ ಅಂತ ನಾನೂ ಹೇಳಲಿಲ್ಲ ಅಂದ. ಬಾಗಿಲ ಹತ್ತಿರ ಹೆಣ್ಣುಮಕ್ಕಳು ಮುಸಿಮುಸಿ ನಕ್ಕರು.

ಲಕ್ಷ್ಮಣಪ್ಪ ಸುಲಭಕ್ಕೆ ಬಿಡುವ ಪೈಕಿ ಅಲ್ಲ. ಸಂಘ ಒಬ್ಬರ ಮನೆಯದಲ್ಲ, ಸದಸ್ಯರು ಕೈ ಎತ್ತಿ ಹೇಳಲಿ, ಜೋಡಿ ಫೋಟೋ ಇರಬೇಕೋ ಬೇಡವೋ ಅಂದ. ಗಂಡಸರೇ ಹೆಚ್ಚು, ತನ್ನದೇ ಗೆಲುವು ಅಂತ ಅವನ ಲೆಕ್ಕ. ಮಾಳವ್ವ ಆಗಲಿ ಅಂದಳು. ಸೋತರೆ ಆಕೆ ಬದುಕಿರುವ ತನಕ ಆ ನೀಲಿ ಕೋಟಿನ ಪಕ್ಕವೇ ನಿಲ್ಲಬೇಕು, ಅದೂ ನಾನು ತೆಗೆದ ಫೋಟೋದಲ್ಲಿ.

ಜೋಡಿ ಇರಲಿ ಅನ್ನುವವರು ಕೈ ಎತ್ತಿ ಅಂದಾಗ ಲಕ್ಷ್ಮಣಪ್ಪನ ಕೈ ಎಲ್ಲರಿಗಿಂತ ಮೇಲೆ ಹೋಯಿತು. ಅವನ ಸುತ್ತ, ಅವನ ಚಹಾ ಕುಡಿದಿದ್ದ ಕೆಲವರ ಕೈ ಎದ್ದವು. ಒಬ್ಬಳೇ ಇರಲಿ ಅನ್ನುವವರು ಅಂದಾಗ ಮೊದಲು ಎದ್ದದ್ದು ನೂರಸಾಬನ ಕೈ. ಅದರ ಹಿಂದೆ ಬಾಗಿಲ ಹತ್ತಿರ ಬಳೆಗಳ ಸದ್ದಾಯಿತು. ಸದಸ್ಯರಾಗಿದ್ದೂ ಇಷ್ಟು ದಿನ ಹೊಸ್ತಿಲು ದಾಟದ ಹೆಣ್ಣುಮಕ್ಕಳು ಒಬ್ಬರೂ ಬಿಡದೆ ಕೈ ಎತ್ತಿದ್ದರು. ಅವರನ್ನು ನೋಡಿ ಜಮಖಾನದ ಮೇಲಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎತ್ತಿದರು. ಎಣಿಸುವ ಅಗತ್ಯವೇ ಬೀಳಲಿಲ್ಲ. ನನಗೆ ತಡೆಯಲಾಗಲಿಲ್ಲ, ಸಂಘದ ಸದಸ್ಯೆಯಲ್ಲದಿದ್ದರೂ ಎರಡೂ ಕೈ ಎತ್ತಿಬಿಟ್ಟೆ. ಲಕ್ಷ್ಮಣಪ್ಪನ ಮುಖ ಹುಳ್ಳಗಾಯಿತು.

ಅವತ್ತೇ ವಿರುಪಣ್ಣನ ಗಾಡಿಯಲ್ಲಿ ಫೋಟೋ ಹೇರಿಕೊಂಡು ಮಾಳವ್ವ, ನಾನು ಇಬ್ಬರೂ ಗಂಗಾವತಿಗೆ ಹೋದೆವು. ದಾರಿಯುದ್ದಕ್ಕೂ ಅವನು ತಪ್ಪಾಯಿತು ಅನ್ನುತ್ತಿದ್ದ, ನಾನು ಬಯ್ಯುತ್ತಿದ್ದೆ, ಮಾಳವ್ವ ಕಾಲುವೆಯ ಗದ್ದೆ ನೋಡುತ್ತಿದ್ದಳು. ಅಂಗಡಿಯಲ್ಲಿ ಅವನು ಕಂಪ್ಯೂಟರಿನಲ್ಲಿ ಬೀರಪ್ಪನನ್ನು ತೆಗೆದಾಗ ಕೆಂಪು ಬಯಲು ಮತ್ತೆ ತೆರೆದುಕೊಂಡಿತು. ಆಮೇಲೆ ಮಾಳವ್ವ, ಕೋಟು ಬಿಚ್ಚಿ ಅವರ ಮುಖದ್ದೊಂದು ಬೇರೆ ಮಾಡಿಕೊಡು, ಮನೆಯಲ್ಲಿ ಇರುವುದರ ಬಣ್ಣ ಹೋಗಿದೆ ಅಂದಳು. ವಿರುಪಣ್ಣ ಆ ಚಿಕ್ಕ ಫೋಟೋವನ್ನು ಬಹಳ ಶ್ರದ್ಧೆಯಿಂದ ತಿದ್ದಿದ. ಬೀರಪ್ಪ ಹಳೆಯ ಬಿಳಿ ಅಂಗಿಯಲ್ಲೇ ಚೆನ್ನಾಗಿ ಕಾಣುತ್ತಿದ್ದ.

ಮುಂದಿನ ಸಭೆಯ ದಿನ ಮಾಳವ್ವ ಸ್ಟೂಲು ಹತ್ತಿ ತನ್ನ ಫೋಟೋ ತಾನೇ ತೂಗುಹಾಕಿದಳು. ಬಟ್ಟೆ ಮುಚ್ಚಲಿಲ್ಲ, ಭಾಷಣ ಇಡಲಿಲ್ಲ. ಕುರ್ಚಿಯಲ್ಲಿ ಕೂತು ನೇರವಾಗಿ ಕೆಲಸಕ್ಕಿಳಿದಳು. ಕುರಿಗಳಿಗೆ ಲಸಿಕೆ ಯಾವ ಊರಿಗೆ ಯಾವ ದಿನ, ಮೇವಿನ ಜಾಗಕ್ಕೆ ಅರ್ಜಿ ಯಾರು ಕೊಡಬೇಕು, ಎಲ್ಲ ಆಕೆಯೇ ಕೇಳಿದಳು, ಆಕೆಯೇ ಹೇಳಿದಳು. ಪಕ್ಕದ ಕುರ್ಚಿ ಅಲ್ಲಿರಲಿಲ್ಲ. ಲಕ್ಷ್ಮಣಪ್ಪ ಬಂದು, ಆ ಕಡೆ ಈ ಕಡೆ ನೋಡಿ, ಜಮಖಾನದ ಮೇಲೆ ಕೂತ.

ಸಭೆ ಮುಗಿದ ಮೇಲೆ ಹೆಣ್ಣುಮಕ್ಕಳು ಫೋಟೋದ ಮುಂದೆ ಗುಂಪುಗೂಡಿದರು. ನಾನು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವವಳಿದ್ದೆ. ಮಾಳವ್ವ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು:

"ತಂಗಿ, ಇವ್ರವೂ ಒಂದೊಂದು ತೆಗಿ. ಎಲ್ಲಾರ ಮುಂದೂ ಜಾಗ ಬಿಡು."

ಅಂಗಳದ ಬೇವಿನ ಗಿಡದ ಹತ್ತಿರ ಬೆಳಕು ಚೆನ್ನಾಗಿತ್ತು. ಸಾಲು ನಿಂತಿತು. ಮೊದಲು ಬಂದವಳು ಹೊಳಿಯಮ್ಮ, ಲಕ್ಷ್ಮಣಪ್ಪನ ಹೆಂಡತಿ. ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ತನ್ನದೂ ಒಬ್ಬಳದೇ ಇರಲಿ ಅಂದಳು. ಮುಖದ ಮೇಲೆ ನೆರಳು ಬೀಳುತ್ತಿತ್ತು. ಬೆಳಕು ತಿರುಗಿಸಲು ಬಿಳಿ ಥರ್ಮಾಕೋಲ್ ಹಿಡಿಯುವವರು ಯಾರಾದರೂ ಬೇಕಾಗಿತ್ತು. ಹತ್ತಿರದಲ್ಲಿ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ನಿಂತಿದ್ದವನು ಲಕ್ಷ್ಮಣಪ್ಪನೇ. ಹಿಡೀರಿ ಅಂತ ಅವನ ಕೈಗೇ ಕೊಟ್ಟೆ. ಏನು ಅನ್ನಿಸಿತೋ, ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡ.

ಹೊಳಿಯಮ್ಮನನ್ನು ಬಲಗಡೆಯ ಗೆರೆಗೆ ತಂದೆ. ಕಣ್ಣು ಮೇಲಿನ ಗೆರೆಗೆ ಬಂತು. ಆದರೆ ಎಡಗಡೆಯ ಎರಡು ಪಾಲಿನಲ್ಲಿ ಥರ್ಮಾಕೋಲ್ ಎತ್ತಿಕೊಂಡ ಲಕ್ಷ್ಮಣಪ್ಪ ತುಂಬಿಕೊಂಡಿದ್ದ. ನಾನು ಬಾಯಿ ತೆರೆಯುವ ಮೊದಲೇ ಹೊಳಿಯಮ್ಮ ಗಂಡನಿಗೆ ಕೈ ತೋರಿಸಿದಳು.

"ಒಂಚೂರು ಹಿಂದ ಸರೀರಿ. ನನ್ನ ಜಾಗದಾಗ ನಿಂತೀರಿ."

ಲಕ್ಷ್ಮಣಪ್ಪ ಸರಿದ. ಆಕೆ ಗದ್ದ ಎತ್ತಿ ಮುಂದೆ ನೋಡಿದಳು, ನಾನು ಒತ್ತಿದೆ.